ಜ್ವಾಲೆಯಿಲ್ಲದ ಒಲೆ

ಕೋಪವು ಸಾಧಕನಿಗೆ ಶತ್ರುವೆಂದು ಪ್ರತಿನಿತ್ಯ ಪಾರಾಯಣ ಮಾಡುವ ನಾನು, ಬೆಟಗೇರಿಯ ನಮ್ಮ ಓಣಿಯಲ್ಲಿ ಕೋಪಕ್ಕೇ ಹೆಸರಾದವನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಈ ಸಲದ ಕೋಪಕ್ಕೆ ಧರ್ಮದ ಬಲವಿತ್ತು. ನಮ್ಮಲ್ಲಿ ನೈವೇದ್ಯದ ಅಡಿಗೆ ಮಡಿಯಲ್ಲಿ, ಮುಂಡರಗಿಯಿಂದ ತರಿಸಿದ ಇದ್ದಿಲಿನ ಒಲೆಯ ಮೇಲೆಯೇ ಆಗಬೇಕು. ಊಟಕ್ಕೆ ಮುನ್ನ ತುಪ್ಪ ಬಡಿಸಿದ ಒಂದು ತುತ್ತು ಅನ್ನ ಆ ಕೆಂಡಕ್ಕೆ ಸಲ್ಲಬೇಕು. ಅಗ್ನಿದೇವ ಉಂಡ ಮೇಲೆ ನಮಗೆ ಎಲೆ. ಆ ಹೊಗೆಯಲ್ಲಿ ನನ್ನ ಹೆಂಡತಿ ಸುಭದ್ರೆ ಕೆಮ್ಮುತ್ತಿದ್ದುದು ನಿಜ. ಈ ಚಳಿಗಾಲ ಕೆಮ್ಮು ಉಬ್ಬಸಕ್ಕೆ ತಿರುಗಿತು. ಗದಗಿನ ಡಾಕ್ಟರು, "ಇನ್ನ ಹೊಗಿ ಕುಡದ್ರ ನನ್ನ ಕಡೆ ಬರಬ್ಯಾಡ್ರಿ" ಎಂದು ಗದರಿ ಕಳಿಸಿದರು.

ನಾಗಾವಿಗೆ ಪಾಠ ಹೇಳಲು ಹೋಗುವ ಸೊಸೆ ವೈದೇಹಿ ಮರುದಿನವೇ ಕರೆಂಟಿನ ಇನ್‌ಫ್ರಾರೆಡ್ ಒಲೆ ತಂದಳು. ಕರಿಯ ಗಾಜಿನ ಹಲಗೆ; ಗುಂಡಿ ಒತ್ತಿದರೆ ಒಳಗೆ ಕೆಂಪಾಗುತ್ತದೆ. ಜ್ವಾಲೆಯಿಲ್ಲ, ಬೂದಿಯಿಲ್ಲ, ಅಂದಮೇಲೆ ಅಗ್ನಿಯೂ ಇಲ್ಲ! ನಾನು ಕೆರಳಿದೆ. "ಕಣ್ಣಿಗೆ ಕಾಣದ ಕಿರಣ ಅನ್ನದಾಗ ಹೊಕ್ಕು ಕೂಡತದ. ದೇವರಿಗೆ ವಿಷಾ ಉಣಸ್ತೀಯೇನು?"

"ಮಾಮಾ, ಕಿರಣ ಅನ್ನದಾಗ ಉಳಿಯೂದಿಲ್ಲ, ಬರೇ ಕಾಯಸ್ತದ. ಮಾಳಿಗಿ ಮ್ಯಾಲೆ ಬಿಸಲಿಗೆ ಬೆನ್ನು ಕೊಟ್ಟು ಕೂಡ್ತೀರಲ್ಲ, ಆ ಕಾವಿನಾಗೂ ಇದ ಕಿರಣ ಅದ. ನಿಮ್ಮ ಕೆಂಡದಾಗೂ ಇದ ಅದ. ಅಂಜೂದಿದ್ರ ಗಾಜಿಗೆ ಅಂಜರಿ. ಆರಿಸಿದ ಮ್ಯಾಲೂ ಭಾಳ ಹೊತ್ತು ಸುಡತದ. ಕೈ ಹಚ್ಚಬ್ಯಾಡ್ರಿ, ಅರಿವಿ-ಬಟ್ಟಿ ಇಡಬ್ಯಾಡ್ರಿ."

ತರ್ಕಶಾಸ್ತ್ರ ಓದಿದವನಿಗೆ ಎದುರಾಳಿಯ ಮಾತು ಸರಿಯಿದ್ದಾಗ ಬರುವಷ್ಟು ಸಿಟ್ಟು ತಪ್ಪಿದ್ದಾಗ ಬರುವುದಿಲ್ಲ. ಇದ್ದಿಲಿನ ಒಲೆ ಅಟ್ಟ ಸೇರಿತು. ನಾನು ಅವಲಕ್ಕಿ, ಮೊಸರಿನ ಮೇಲೆ ಸತ್ಯಾಗ್ರಹ ಹೂಡಿದೆ. ಒಬ್ಬರೂ ಬೇಡಿಕೊಳ್ಳಲಿಲ್ಲ, ಸಿಟ್ಟು ಇಮ್ಮಡಿಸಿತು. ವಾರ ಕಳೆಯುವಷ್ಟರಲ್ಲಿ ಏಕಾದಶಿ ಬಂತು, ಉಪವಾಸದ ಮೇಲೆ ಉಪವಾಸ. ದ್ವಾದಶಿಯ ಬೆಳಿಗ್ಗೆ ಪಾರಣೆಯ ಸಾರಿನ ಒಗ್ಗರಣೆ ಘಮ್ಮೆಂದಾಗ ನನ್ನ ಧರ್ಮಬುದ್ಧಿ ಅಡಿಗೆಮನೆಯ ಹೊಸ್ತಿಲು ದಾಟಿತು.

ಸುಭದ್ರೆ ಆಗಷ್ಟೇ ಒಲೆ ಆರಿಸಿ ಸಾರಿನ ಪಾತ್ರೆ ಇಳಿಸಿದ್ದಳು. ಆಹುತಿಯ ತುತ್ತನ್ನು ಬಾಳೆಲೆಯ ತುಂಡಿನಲ್ಲಿ ಹಿಡಿದು ನಿಂತೆ. ಗಾಜು ಕಪ್ಪಗೆ, ಏನೂ ಅರಿಯದ ನಿರಪರಾಧಿಯಂತೆ ಮಲಗಿತ್ತು.

"ಎಲ್ಲಿದ್ದಾನ ಇದರಾಗ ಅಗ್ನಿ? ತೋರಸ್ರಿ! ಯಾರಿಗೆ ಕೊಡ್ಲಿ ಆಹುತಿ?" ಎಂದು ಗರ್ಜಿಸಿ, ಪ್ರಮಾಣ ಮಾಡುವವನಂತೆ ಬಲ ಅಂಗೈಯನ್ನು ಗಾಜಿನ ಮೇಲೆ ಅಪ್ಪಳಿಸಿದೆ.

ಅಗ್ನಿದೇವ ತಡಮಾಡಲಿಲ್ಲ. ನನ್ನ ಬಾಯಿಂದ ಹೊರಟದ್ದು ಯಾವ ವೇದದಲ್ಲಿಯೂ ಇಲ್ಲದ ಶಬ್ದ. ಸೊಸೆ ಓಡಿಬಂದು ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. "ತುಪ್ಪ ಹಚ್ಚು!" ಎಂದು ಕೂಗಿದರೆ, "ತುಪ್ಪಗಿಪ್ಪ ಏನಿಲ್ಲ. ತಣ್ಣೀರಾಗ ಸುಮ್ನ ಹಿಡೀರಿ" ಎಂದಳು. ಮಡಿ ಹೋಯಿತು, ಮಾನವೂ ಹೋಯಿತು.

ಬಲಗೈಗೆ ಬಟ್ಟೆ ಸುತ್ತಿದ ಮೇಲೆ ಉಣ್ಣುವುದೆಂತು? ಎಡಗೈಯೂಟ ನನ್ನಿಂದಾಗದು, ಪಾರಣೆಯ ಹೊತ್ತು ಮೀರುವಂತಿಲ್ಲ. ಸುಭದ್ರೆಯೇ ಕಲಸಿ ತುತ್ತು ಬಾಯಿಗಿಟ್ಟಳು. "ಅಗ್ನಿ ಸಿಕ್ಕನಲ್ರಿ? ಆಹುತೀನೂ ಮುಟ್ಟಿಸಿ ಬಂದ್ರಿ" ಎಂದು ನಗತೊಡಗಿದಳು.

ನಕ್ಕರೆ ಅವಳಿಗೆ ಕೆಮ್ಮು ಒತ್ತರಿಸುವುದು ವಾಡಿಕೆ. ಸಿಟ್ಟಿನಲ್ಲಿಯೇ ನೀರಿನ ತಂಬಿಗೆಗೆ ಎಡಗೈ ಚಾಚಿ ಕಾದೆ. ಕೆಮ್ಮು ಬರಲಿಲ್ಲ. ಅವಳು ಕಣ್ಣಲ್ಲಿ ನೀರು ಬರುವವರೆಗೆ, ಉಸಿರು ಕಟ್ಟದೆ ನಕ್ಕಳು. ಇನ್ನು ಅಟ್ಟದ ಒಲೆಯನ್ನು ಇಳಿಸಿರೆನ್ನಲು ನನಗೆ ಯಾವ ಶಾಸ್ತ್ರವೂ ಉಳಿಯಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಇನ್ನೊಂಚೂರು ಅನ್ನ ಹಾಕ್ಲೇನ್ರಿ?"

"ಸಾರೂ ಹಾಕು!" ಎಂದು ಗುಡುಗಿದೆ.