ಅಣ್ಣನ ವಿಮಾನಕ್ಕೆ ಟರ್ಬೈನ್ ಕೂರಿಸಿದ್ದು

ಕೆಟ್ಟ ವಸ್ತುವನ್ನು ರಿಪೇರಿ ಮಾಡುವವರನ್ನು ಲೋಕ ಗೌರವಿಸುತ್ತದೆ. ಕೆಡದ ವಸ್ತುವನ್ನು ರಿಪೇರಿ ಮಾಡುವವರನ್ನು ಏನೆಂದು ಕರೆಯಬೇಕೋ ಲೋಕಕ್ಕೆ ಇನ್ನೂ ತಿಳಿದಿಲ್ಲ. ನನ್ನ ಹೆಂಡತಿ ಶಾಂತಾಗೆ ತಿಳಿದಿದೆ, ಆದರೆ ಆ ಶಬ್ದವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಈ ಎರಡನೆಯ ಗುಂಪಿನವನು. ಸರಿಯಾಗಿ ನಡೆಯುತ್ತಿದ್ದ ಗೋಡೆ ಗಡಿಯಾರಕ್ಕೆ ಎಣ್ಣೆ ಬಿಟ್ಟು ಅದನ್ನು ಶಾಶ್ವತವಾಗಿ ಹತ್ತೂವರೆಗೆ ನಿಲ್ಲಿಸಿದವನು. ಸೋರದಿದ್ದ ನಲ್ಲಿಯನ್ನು ಮುಂಜಾಗ್ರತೆಗಾಗಿ ಬಿಗಿ ಮಾಡಿ, ಬಚ್ಚಲುಮನೆಯಲ್ಲಿ ಮೂರು ದಿನ ಬಕೆಟ್ ಇಡಿಸಿದವನು. ಇವೆಲ್ಲ ಸಣ್ಣ ತಪ್ಪುಗಳು, ಮಾಫಿ ಮಾಡಬಹುದಾದಂಥವು. ದೊಡ್ಡದನ್ನು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಅಣ್ಣನ ಜೆಟ್ ವಿಮಾನಕ್ಕೆ ನಾನು ನಿಜವಾದ ಟರ್ಬೈನ್ ಕೂರಿಸಲು ಹೋದೆ.

ಜೆಟ್ ವಿಮಾನ ಎಂದೊಡನೆ ಗಾಬರಿಯಾಗಬೇಡಿ. ಅದು ರೇಡಿಯೋ ಕಂಟ್ರೋಲಿನಿಂದ ಹಾರಿಸುವ ಮಾದರಿ ವಿಮಾನ. ಮೂಗಿನಿಂದ ಬಾಲದವರೆಗೆ ನಮ್ಮ ಊಟದ ಮೇಜಿನಷ್ಟು ಉದ್ದ. ಅಣ್ಣ ಟೆಲಿಫೋನ್ ಇಲಾಖೆಯಲ್ಲಿದ್ದ. ಭಾನುವಾರ ಬಂತೆಂದರೆ ಅಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಅಲ್ಲಿ ಸಿಕ್ಕ ಹರಕು ಪತ್ರಿಕೆಗಳ ಚಿತ್ರ ನೋಡಿ ನೋಡಿ, ಕಾಚಿಗುಡದ ನಮ್ಮ ಮನೆಯ ಮಾಳಿಗೆಯ ಮೇಲೆ, ಹಗುರ ಕಟ್ಟಿಗೆಯ ಪಟ್ಟಿಗಳನ್ನು ಅಂಟಿಸಿ ಅಂಟಿಸಿ ಎರಡು ವರ್ಷಗಳಲ್ಲಿ ಅದನ್ನು ಕಟ್ಟಿದ. ನಾನು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಎಳೆಯುವ ಕೆಲಸದವನು. ಸಹಜವಾಗಿಯೇ ನನ್ನ ಸಹಾಯ ಕೇಳುತ್ತಾನೆಂದು ಕಾದೆ. ಅವನು ನನ್ನ ಕೈಯನ್ನು ಚಿಕ್ಕಂದಿನಿಂದ ಬಲ್ಲವನು. ಬಣ್ಣ ಒಣಗಿದೆಯೋ ಇಲ್ಲವೋ ನೋಡುವ ಕೆಲಸವೊಂದನ್ನು ಮಾತ್ರ ಕೊಟ್ಟ. ನಾನು ಮುಟ್ಟಿ ನೋಡಿದೆ. ಒಣಗಿರಲಿಲ್ಲ. ಎಡ ರೆಕ್ಕೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ.

ವಿಮಾನ ಹಾರಿತು, ಚೆನ್ನಾಗಿಯೇ ಹಾರಿತು. ಆದರೆ ಅದರ ಹೊಟ್ಟೆಯಲ್ಲಿದ್ದದ್ದು ಜೆಟ್ ಎಂಜಿನ್ ಅಲ್ಲ; ಪುಟ್ಟ ಎಂಜಿನ್ನೊಂದು ತಿರುಗಿಸುವ ಫ್ಯಾನ್. ನೋಡಲು ಯುದ್ಧವಿಮಾನ, ಸಪ್ಪಳ ಅಡುಗೆಮನೆಯದು. "ಜೆಟ್ ಅಂತ ಮಾಡಿದ್ನೋ ತಮ್ಮಾ, ಇದು ಮಿಕ್ಸರ್‌ನ್ಯಾಗ ಶೇಂಗಾ ಚಟ್ನಿ ಅರದಂಗ ಒದರತೈತಿ" ಎಂದು ಅಣ್ಣ ಪೇಚಾಡುತ್ತಿದ್ದ. ಕೊನೆಯ ಬೇನೆಯಲ್ಲಿ ಮಲಗಿದ್ದಾಗಲೂ ಅದೇ ಕೊರಗು. ಒಂದು ಮಧ್ಯಾಹ್ನ ಗೋಡೆಗೆ ತೂಗುಹಾಕಿದ್ದ ವಿಮಾನ ನೋಡುತ್ತಾ, "ಒಮ್ಮೆರೆ ಇದರ ಬಾಯಿಂದ ಖರೇ ಜೆಟ್ಟಿನ ಸಪ್ಪಳ ಕೇಳಬೇಕಿತ್ತು ನೋಡು" ಎಂದ. "ನಾ ಕೇಳಸ್ತೀನಿ, ಅಣ್ಣಾ" ಎಂದೆ. ಅವನು ನಕ್ಕ. ಆ ನಗುವಿನಲ್ಲಿ ನಂಬಿಕೆ ಎಷ್ಟಿತ್ತು, ಹೆದರಿಕೆ ಎಷ್ಟಿತ್ತು ಎಂಬುದನ್ನು ನಾನು ಈಗ ಯೋಚಿಸುತ್ತೇನೆ.

ಅವನು ಹೋಗಿ ಒಂಬತ್ತು ವರ್ಷವಾಯಿತು. ನಾನು ಇವತ್ತು ನಾಳೆ ಎನ್ನುತ್ತಲೇ ಇದ್ದೆ. ಈ ವರ್ಷ ನನ್ನ ಬಲಗೈ ನಡುಗಲು ಶುರುವಾಯಿತು. ಹೆಚ್ಚೇನಿಲ್ಲ, ಚಹಾ ಕಪ್ಪಿನಿಂದ ತಾನಾಗಿಯೇ ಕೆಳಗಿನ ಬಸಿಗೆ ಇಳಿಯುವಷ್ಟು. ಡಾಕ್ಟರು ಇದು ಕಡಿಮೆಯಾಗುವುದಲ್ಲ, ಹೆಚ್ಚಾಗುವುದು ಎಂದರು. ಮನೆಗೆ ಬಂದು ವಿಮಾನ ನೋಡಿದೆ. ಈ ವರ್ಷ ಆಗದಿದ್ದರೆ ಇನ್ನೆಂದೂ ಆಗುವುದಿಲ್ಲ. ಕೊಟ್ಟ ಮಾತು ಎಂಬುದು ಎಂಟು ವರ್ಷ ಸುಮ್ಮನೆ ಮಲಗಿದ್ದು ಒಂಬತ್ತನೆಯ ವರ್ಷ ಎದ್ದು ಕೂರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೊಂಡಾಪುರದ ಹವ್ಯಾಸಿಯೊಬ್ಬ, ಮನೆಯಲ್ಲಿ ಕೂಸು ಹುಟ್ಟಿದ್ದರಿಂದ, ತನ್ನ ಬಳಿಯಿದ್ದ ಪುಟ್ಟ ಟರ್ಬೈನನ್ನು ಮಾರುತ್ತಿದ್ದ. ಅದನ್ನು ಕೊಂಡು ತಂದೆ. ನೋಡಲು ಒಂದು ಥರ್ಮಾಸಿನಷ್ಟು. ಆದರೆ ನಿಮಿಷಕ್ಕೆ ಲಕ್ಷ ಸುತ್ತು ತಿರುಗಿ, ಹಿಂದಿನಿಂದ ಬೆಂಕಿಯಂಥ ಗಾಳಿ ಉಗುಳುವ ನಿಜವಾದ ಜೆಟ್ ಎಂಜಿನ್. ಅದನ್ನು ಕೂರಿಸಲು ತಿಳಿದವರು ಬೇಕಲ್ಲ? ವಿಮಾನಗಳ ಮೆಕ್ಯಾನಿಕ್ ಆಗಿ ನಿವೃತ್ತರಾದ ಖಾದರ್ ಸಾಹೇಬರು ಸಿಕ್ಕರು. ಮೂಲತಃ ಬೀದರಿನವರು. ವಿಮಾನವನ್ನು ಬೆರಳಿನಿಂದ ತಟ್ಟಿ ನೋಡಿ, ಟರ್ಬೈನನ್ನು ಎತ್ತಿ ನೋಡಿ, ನನ್ನ ನಡುಗುವ ಕೈಯನ್ನೂ ನೋಡಿದರು.

"ನಕ್ಕೋ ಸಾಬ್, ಬ್ಯಾಡ್ರಿ" ಎಂದರು. "ಇದು ಕಟಗಿ, ಅದು ಬೆಂಕಿ. ಎರಡೂ ಒಂದ ಮನ್ಯಾಗ ಇಡಬ್ಯಾಡ್ರಿ."

"ನಮ್ಮ ಅಣ್ಣಗ ಮಾತು ಕೊಟ್ಟೀನ್ರಿ" ಎಂದೆ.

ಸಾಹೇಬರು, "ಅರೆ, ಅದನ್ನ ಮೊದಲ ಹೇಳೂದಲ್ಲೇನ್ರಿ" ಎಂದು ಅಂಗಿಯ ತೋಳು ಮಡಚಿ ಮೇಲೇರಿಸಿದರು.

ಮೊದಲು ವಿಮಾನದ ಹೊಟ್ಟೆ ಕೊಯ್ಯಬೇಕಿತ್ತು. ಅಣ್ಣನ ವಸ್ತುವಿಗೆ ಬೇರೆಯವರು ಗರಗಸ ಹಾಕುವುದು ಬೇಡವೆಂದು ನಾನೇ ಹಾಕಿದೆ. ಕೊಯ್ದ ತುಂಡನ್ನು ತಿರುಗಿಸಿದರೆ, ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಅಣ್ಣನ ದುಂಡನೆಯ ಅಕ್ಷರ: "ತಮ್ಮಾ, ಇಲ್ಲೆ ಕೊಯ್ಯಬ್ಯಾಡ." ನನ್ನ ಗರಗಸ 'ತಮ್ಮಾ' ಮತ್ತು 'ಇಲ್ಲೆ'ಗಳ ನಡುವೆ ನೆಟ್ಟಗೆ ಹಾದುಹೋಗಿತ್ತು. ಖಾದರ್ ಸಾಹೇಬರಿಗೆ ಕನ್ನಡ ಓದಲು ಬಾರದು. ಏನು ಬರೆದಿದೆ ಎಂದು ಕೇಳಿದರು. ಅಳತೆ ಬರೆದಿದ್ದಾನೆ ಎಂದು ಸುಳ್ಳು ಹೇಳಿದೆ. ಟಾರ್ಚು ಹಾಕಿ ನೋಡಿದರೆ ಒಳಗೆಲ್ಲ ನನಗೇ ಬರೆದ ಸೂಚನೆಗಳು. ಒಂದು ಕಡೆ "ಈ ಅಂಟು ಒಣಗಾಕ ಎರಡು ದಿನ ಬೇಕು, ಮುಟ್ಟಿ ನೋಡಬ್ಯಾಡ." ಮುಂದೆ ಗಾಳಿ ಒಳಗೆ ಹೋಗುವ ಬಾಯಿಯ ಹತ್ತಿರ, "ಚಾಲೂ ಮಾಡೂಕಿಂತ ಮೊದಲ ಬಾಯಾಗ ಕೈ ಹಾಕಿ ನೋಡು." ಹಿಂದೊಮ್ಮೆ ಅದರ ಬಾಯಿಯಲ್ಲಿ ಹಲ್ಲಿ ಕೂತಿತ್ತು, ಅದಕ್ಕೆ ಬರೆದಿದ್ದಾನೆಂದು ನಕ್ಕೆ. ಕಣ್ಣಲ್ಲಿ ನೀರೂ ಬಂತು. ತಾನಿಲ್ಲದ ಮೇಲೆ ನಾನು ಇದಕ್ಕೆ ಕೈ ಹಾಕಿಯೇ ಹಾಕುತ್ತೇನೆಂದು ಅವನಿಗೆ ಅಷ್ಟು ಖಾತ್ರಿಯಿತ್ತು.

ಮುಂದಿನ ಎರಡು ತಿಂಗಳ ಪಾಡನ್ನು ಏನು ಹೇಳಲಿ? ಬಿಸಿಗಾಳಿ ಕಟ್ಟಿಗೆಗೆ ತಾಗದ ಹಾಗೆ ಬಾಲದ ತುದಿಯವರೆಗೆ ತೆಳುವಾದ ಸ್ಟೀಲಿನ ಕೊಳವೆ ಬೇಕಿತ್ತು. ಬೇಗಂ ಬಜಾರಿನ ಪಾತ್ರೆ ಮಾಡುವವನ ಬಳಿ ಹೋದೆ. ಉದ್ದ, ಅಗಲ ಎಲ್ಲ ಬರೆದುಕೊಂಡು, ಮುಚ್ಚಳ ಯಾವ ತರಹದ್ದು ಎಂದು ಕೇಳಿದ. ಮುಚ್ಚಳ ಬೇಡ ಎಂದೆ. ತಳ? ತಳವೂ ಬೇಡ ಎಂದೆ. ಅವನು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಮೃದುವಾಗಿ ವಿಚಾರಿಸಿದ. ಇನ್ನು ಟರ್ಬೈನ್ ಕುಡಿಯುವುದು ಸೀಮೆಎಣ್ಣೆ. ಒಂದು ಕಾಲಕ್ಕೆ ಡಬ್ಬಿ ಹಿಡಿದು ಸಾಲು ನಿಂತರೆ ಸಿಗುತ್ತಿದ್ದ ಎಣ್ಣೆ ಈಗ ಊರಲ್ಲೇ ಇಲ್ಲ. ಕೋಠಿ ಬಜಾರಿನ ತುಂಬ "ಗ್ಯಾಸ್ ನೂನೆ ಉಂದಾ", ಸೀಮೆಎಣ್ಣೆ ಇದೆಯೇ ಎಂದು ತೆಲುಗಿನಲ್ಲಿ ಕೇಳುತ್ತಾ ತಿರುಗಿದೆ. ಅಂಗಡಿಯವರು ನನ್ನ ಕಡೆ ನೋಡುವ ಮೊದಲು ನನ್ನ ಹಿಂದೆ ಯಾರಿದ್ದಾರೆಂದು ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಒಬ್ಬ ಮನುಷ್ಯ ಅಷ್ಟು ಆಸೆಯಿಂದ ಸೀಮೆಎಣ್ಣೆ ಹುಡುಕಿದರೆ ಯಾರಿಗಾದರೂ ಅನುಮಾನ ಬರುವುದೇ. ಕೊನೆಗೆ ಖಾದರ್ ಸಾಹೇಬರೇ ತಮ್ಮ ಪರಿಚಯದವರಿಂದ ಒಂದು ಕ್ಯಾನು ತರಿಸಿಕೊಟ್ಟರು.

ಎಂಜಿನ್ ಕೂರಿಸಿದ ದಿನ ಸಾಹೇಬರು ಒಂದೇ ಮಾತನ್ನು ಮೂರು ಸಲ ಹೇಳಿದರು. ಇದರ ಬಾಯೊಳಗೆ ಒಂದು ಕಡ್ಡಿ, ಒಂದು ಕಾಳು, ಒಂದು ದಾರದ ಎಳೆ ಸಹ ಹೋಗಬಾರದು. ಹೋದರೆ ಒಳಗಿನ ಚಕ್ರ ಪುಡಿಪುಡಿ. ಗಾಳಿ ಕಟ್ಟಿದರೆ ಬೆಂಕಿ ಹಿಂದಕ್ಕೆ ಉಕ್ಕುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಕರ್ಫ್ಯೂ ಜಾರಿಗೆ ಬಂತು. ಮಾಳಿಗೆಯ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರುವ ಹಾಗಿಲ್ಲ. ಶಾಂತಾ ಅಲ್ಲಿ ಕಸ ಗುಡಿಸುವ ಹಾಗಿಲ್ಲ, ಸಂಡಿಗೆ ಒಣಹಾಕುವ ಹಾಗಿಲ್ಲ, ಹೂ ಮುಡಿದು ಬಾಗಿಲ ಬಳಿ ನಿಲ್ಲುವ ಹಾಗಿಲ್ಲ.

"ಅದನ್ನೇನು ಮಡಿಲೆ ಇಟ್ಟೀರೇನು?" ಎಂದು ಕೇಳಿದಳು.

"ಹಂಗ ತಿಳ್ಕೋ. ನೀ ಮಾತ್ರ ಅದನ್ನ ಮುಟ್ಟಬ್ಯಾಡ. ಒರಸೂದೂ ಬ್ಯಾಡ."

"ಹಬ್ಬದ ಮರುದಿನ ಸುದ್ದಾ?"

"ಯಾವತ್ತೂ ಬ್ಯಾಡ ಅಂದ್ನೆಲ್ಲಾ!"

ಅವಳು ನನ್ನನ್ನು ಒಂದು ಕ್ಷಣ ನೋಡಿ, ಏನೋ ಹೇಳಲು ಬಾಯಿ ತೆರೆದು, "ಆತು ಬಿಡ್ರಿ" ಎಂದು ಕೆಳಗಿಳಿದು ಹೋದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು 'ಆತು ಬಿಡ್ರಿ' ಎಂದಾಗಲೆಲ್ಲ ನಾನು ಗೆದ್ದೆನೆಂದುಕೊಂಡಿದ್ದೇನೆ.

ದಸರೆಯ ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಎಂಜಿನ್ ಚಾಲೂ ಮಾಡಿ ನೋಡುವುದೆಂದು ನಿಶ್ಚಯವಾಯಿತು. ಎಲ್ಲ ಸರಿಹೋದರೆ ಮುಂದಿನ ವಾರ ಊರ ಹೊರಗಿನ ಬಯಲಿನಲ್ಲಿ ಹಾರಿಸುವುದು. ಹಬ್ಬದ ಹಿಂದಿನ ದಿನ ನಾನೇ ಟಾರ್ಚು ಹಾಕಿ ಒಳಗೆಲ್ಲ ನೋಡಿದೆ. ಕನ್ನಡಿಯ ಹಾಗಿತ್ತು. ಹಬ್ಬದ ದಿನ ಕುಂಕುಮವನ್ನು ಸಹ ರೆಕ್ಕೆಗೆ ಹಚ್ಚಲಿಲ್ಲ, ಅದನ್ನಿಟ್ಟಿದ್ದ ಪೀಠಕ್ಕೆ ಹಚ್ಚಿದೆ, ಅಕ್ಷತೆ ಹಾಕಲಿಲ್ಲ. ಸಂಜೆ ಬನ್ನಿ ಮುಡಿದು ಬಂದು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲ್ಲರಿಗೂ ಬನ್ನಿ ಕೊಟ್ಟು, ಹಿರಿಯರಿಗೆಲ್ಲ ನಮಸ್ಕಾರ ಮಾಡಿ, ಹೋಳಿಗೆ ತಿಂದು ಮಲಗಿದೆ.

ಬೆಳಿಗ್ಗೆ ಖಾದರ್ ಸಾಹೇಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದುಕೊಂಡೇ ಬಂದರು. ವಿಮಾನವನ್ನು ಮೇಜಿಗೆ ಬಿಗಿದರು. "ಬಾಯಿ ನೋಡೀರಿ, ಸಾಬ್?" ಎಂದು ಕೇಳಿದರು. "ನಾನ ನೋಡೀನ್ರಿ. ಅದನ್ನ ಯಾರೂ ಮುಟ್ಟಿಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಶಾಂತಾ ಮೆಟ್ಟಿಲ ಮೇಲೆ ನಿಂತಿದ್ದಳು. ಅಣ್ಣನ ಫೋಟೋವನ್ನು ನೀರಿನ ಟ್ಯಾಂಕಿಗೆ ಒರಗಿಸಿಟ್ಟಿದ್ದೆ. ನಗಬೇಡಿ, ಮಾತು ಕೊಟ್ಟಿದ್ದು ಅವನಿಗೆ. ನಡುಗುವ ಕೈಯಿಂದ ಸ್ವಿಚ್ ಒತ್ತಿದೆ. ಮೊದಲು ಸ್ಟಾರ್ಟರ್ ತಿರುಗಿತು. ಅದೇ ಸಪ್ಪಳ! ಶೇಂಗಾ ಚಟ್ನಿ ಅರೆಯುವ ಸಪ್ಪಳ. ಆಮೇಲೆ ಒಳಗೆಲ್ಲೋ ಟಕ್ ಎಂದಿತು. ಆಮೇಲೆ, ಜೆಟ್ಟಿನ ಗರ್ಜನೆಗೆಂದು ನಾನು ಕಿವಿ ನಿಗುರಿಸಿಕೊಂಡು ನಿಂತಿರುವಾಗ, ಬಾಲದಿಂದ ಎರಡು ಮೊಳ ಹಳದಿ ಬೆಂಕಿ ಭಗ್ಗೆಂದು ಎದ್ದಿತು.

ಸಾಹೇಬರು ಸಿಲಿಂಡರ್ ಒತ್ತುವಷ್ಟರಲ್ಲಿ ಅಣ್ಣ ಆರು ತಿಂಗಳು ಕೂತು ಮಾಡಿದ ಬಾಲ ಅರ್ಧ ಇರಲಿಲ್ಲ. ಮಾಳಿಗೆಯ ತುಂಬ ಬಿಳಿ ಪುಡಿ. ಕೆಳಗಿನ ಮನೆಯ ತೆಲುಗು ಹೆಣ್ಣುಮಗಳು ಅಂಗಳಕ್ಕೆ ಬಂದು, "ಏಮೈಂದಿ ಅಂಕುಲ್, ಸಿಲಿಂಡರ್ ಪೇಲಿಂದಾ?" ಎಂದು ಕೂಗುತ್ತಿದ್ದಳು. ಗ್ಯಾಸ್ ಸಿಲಿಂಡರ್ ಸಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು. ಅಲ್ಲೇ ಕೂತೆ. ಅಣ್ಣನ ಫೋಟೋ ಕಡೆ ನೋಡುವ ಧೈರ್ಯವಾಗಲಿಲ್ಲ. ಅದರ ಮೇಲೂ ಪುಡಿ ಬಿದ್ದಿತ್ತು.

ದುಃಖ ಬಹಳವಾದಾಗ ಮನುಷ್ಯ ಅಪರಾಧಿಯನ್ನು ಹುಡುಕುತ್ತಾನೆ. ನಾನು ಎದ್ದು ನಿಂತು ವಿಚಾರಣೆ ಶುರುಮಾಡಿದೆ. ಪಾರಿವಾಳಗಳ ಮೇಲೆ ಅನುಮಾನಪಟ್ಟೆ, ಕೊಂಡಾಪುರದ ಮಾರಾಟಗಾರನನ್ನು ಬೈದೆ, ಶಾಂತಾಳ ಕಸಬರಿಗೆಯ ಕಡೆ ಬೆರಳು ಮಾಡಿದೆ. ಅಷ್ಟರಲ್ಲಿ ಸಾಹೇಬರು ಎಂಜಿನ್ ಬಿಚ್ಚಿ, ಚಿಮಟದಿಂದ ಏನನ್ನೋ ಹೊರಗೆ ಎಳೆದು ಅಂಗೈ ಮೇಲಿಟ್ಟರು. ಸುಟ್ಟು ಸುರುಟಿದ ಒಂದು ಮುಳ್ಳಿನ ಟೊಂಗೆ, ಅದಕ್ಕೆ ಅಂಟಿಕೊಂಡ ಚಿಕ್ಕ ಚಿಕ್ಕ ಎಲೆಗಳು. "ಚಕ್ಕರದ ಮೂರು ರೆಕ್ಕಿ ಮುರದಾವ್ರಿ" ಎಂದು ಮೆಲ್ಲಗೆ ಹೇಳಿದರು. "ಆದರ ಈ ಗಿಡ ಯಾವುದ್ರಿ ಸಾಬ್?"

ಬನ್ನಿ!

"ಯಾರು ಹಾಕಿದ್ರು ಇದನ್ನ?" ಎಂದು ಕೂಗಿದೆ.

ಶಾಂತಾ ಮೆಟ್ಟಿಲು ಹತ್ತಿ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ನೀವ ಹಾಕೀರಿ. ಭಾವನವರು ಹೋದಾಗಿಂದ ಪ್ರತಿ ದಸರಾಕ್ಕೂ ಮೊದಲನೇ ಬನ್ನಿ ಇದರ ಬಾಯಾಗ ಇಟ್ಟು ನಮಸ್ಕಾರ ಮಾಡ್ತೀರಿ. ಅಣ್ಣಗ ಕೊಟ್ಟಂಗ. ನಿನ್ನೆ ಸಂಜಿಕೂ ಇಟ್ರಿ."

ನನಗೆ ನೆನಪಾಯಿತು. ನೆನಪಾಯಿತು ಎಂದರೂ ತಪ್ಪೇ. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ? ಬನ್ನಿ ಕೈಗೆ ಬಂದೊಡನೆ ಕಾಲುಗಳು ತಾವಾಗಿಯೇ ಮೊದಲು ಅಣ್ಣನ ಕಡೆ ಹೋಗುತ್ತವೆ. ಅಣ್ಣನಿಗೆ ಈಗ ಅಂಗೈ ಇಲ್ಲ, ವಿಮಾನಕ್ಕೆ ಬಾಯಿ ಇದೆ.

"ಒಂಬತ್ತು ವರ್ಷ ಏನೂ ಆಗಿರಲಿಲ್ಲಲ್ಲ?" ಎಂದೆ ದೀನನಾಗಿ.

"ಮರುದಿನ ಬೆಳಿಗ್ಗೆ ನಾ ತಗೀತಿದ್ದೆ. ಈ ವರ್ಷ ಮುಟ್ಟಬ್ಯಾಡ ಅಂದಿದ್ರಿ."

ಖಾದರ್ ಸಾಹೇಬರು ಬೇರೆ ಕಡೆ ತಿರುಗಿ ನಟ್ಟು ಬೋಲ್ಟು ಎಣಿಸತೊಡಗಿದರು. ಒಳ್ಳೆಯ ಮನುಷ್ಯ. ಹೋಗುವಾಗ, ಬಾಲ ಮತ್ತೆ ಮಾಡಬಹುದು, ಎಂಜಿನ್ ಮಾತ್ರ ಆಗುವುದಿಲ್ಲ ಎಂದರು. ಬಾಲ ಮತ್ತೆ ಮಾಡಲು ಅಣ್ಣನ ಕೈ ಬೇಕು ಎಂದು ನಾನು ಹೇಳಲಿಲ್ಲ.

ವಿಮಾನ ಈಗ ಹಾಲಿನಲ್ಲಿ ತನ್ನ ಹಳೆಯ ಜಾಗದಲ್ಲಿದೆ, ಒಂದು ಗೇಣು ಗಿಡ್ಡವಾಗಿ. ಜೆಟ್ಟಿನ ಸಪ್ಪಳ ಅಣ್ಣನಿಗೆ ಕೇಳಿಸಲಿಲ್ಲ, ನನ್ನ ಕೈಯಿಂದ ಇನ್ನು ಕೇಳಿಸುವುದೂ ಇಲ್ಲ. ತೂಗುಹಾಕುವ ಮೊದಲು ಅದರ ಬಾಯಿಯ ಹತ್ತಿರ ಟಾರ್ಚು ಹಾಕಿದೆ. "ಚಾಲೂ ಮಾಡೂಕಿಂತ ಮೊದಲ ಬಾಯಾಗ ಕೈ ಹಾಕಿ ನೋಡು" ಎಂಬ ಸಾಲು ಬೆಂಕಿಗೆ ಸಿಗದೆ ಹಾಗೆಯೇ ಇತ್ತು. ಅವನು ಹಲ್ಲಿಗಾಗಿ ಬರೆದದ್ದಲ್ಲ, ನನಗಾಗಿ ಬರೆದದ್ದು. ಪೆನ್ಸಿಲ್ ಹುಡುಕಿ ತಂದು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಅದರ ಕೆಳಗೆ ನಾನೂ ಒಂದು ಸಾಲು ಬರೆದೆ: "ನೋಡಲಿಲ್ಲೋ ಅಣ್ಣಾ."