ಗೋರಿಯ ಮುಂದೆ ತಲೆಬಾಗುವ ಮುಳ್ಳು

ಮಗುವನ್ನು ತೊಟ್ಟಿಲಿಗೆ ಹಾಕಿ, ಡೈರಿ ತೆಗೆದು ದಪ್ಪಕ್ಷರಗಳಲ್ಲಿ ಬರೆದೆ: ‘ನಾಳೆ ಆ ಮುಳ್ಳಿನ ನಾಟಕಕ್ಕೆ ತೆರೆ ಎಳೆಯುತ್ತೇನೆ!’

ಮುಳ್ಳೆಂದರೆ ನಮ್ಮ ಹಳೇ ಪಿಕಪ್ ಗಾಡಿಯ ಪೆಟ್ರೋಲ್ ಮುಳ್ಳು. ಗಾಡಿ ತೀರಿಹೋದ ಮಾವನವರದು. ನಾರಿನ್ ಪಟ್ಟಣದ ಬಜಾರಿನಿಂದ ನಮ್ಮ ಹಳ್ಳಿಗೆ ಮರಳುವಾಗ ಏರಿನಲ್ಲಿ ಗೋರಿಗಳು ಸಿಗುತ್ತವೆ. ಮಾವ ಮಲಗಿರುವುದು ಅಲ್ಲೇ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟೇ ಇರಲಿ, ಅಲ್ಲಿಗೆ ಬಂದೊಡನೆ ಮುಳ್ಳು ಗಡಗಡ ನಡುಗಿ ಸೊನ್ನೆಗೆ ಬಾಗುತ್ತದೆ. ದಾಟಿದ ಮೇಲೆ ಮೊಣಕಾಲೂರಿ ಏಳುವ ಮುದುಕನ ಹಾಗೆ ಮೆಲ್ಲಗೆ ಮೇಲೇಳುತ್ತದೆ. ಮೊದಲ ಸಲ ನೋಡಿದಾಗ, ಎಲ್ಲರಂತೆ ಸ್ಟಿಯರಿಂಗ್ ಬಿಟ್ಟು, ಸತ್ತವರಿಗಾಗಿ ಪ್ರಾರ್ಥಿಸಿ ಅಂಗೈಗಳಿಂದ ಮುಖ ಸವರಿಕೊಳ್ಳುತ್ತಿದ್ದ ನನ್ನ ಕೈ ಮುಖದ ಮೇಲೇ ಮರಗಟ್ಟಿತ್ತು.

ಅತ್ತೆಗೆ ಮಾತ್ರ ಭಯವಿಲ್ಲ. “ನೋಡು, ನಿಮ್ಮ ಮಾವ ಸಲಾಂ ಹೇಳಿದ್ರು” ಎಂದು ನಾಚಿಕೊಳ್ಳುತ್ತಿದ್ದರು. ನಮ್ಮಲ್ಲಿ ಮಣ್ಣು ಮಾಡಲು ಹೆಂಗಸರು ಹೋಗುವುದಿಲ್ಲ. ಆಮೇಲೂ ಅತ್ತೆ ಅತ್ತ ಕಾಲಿಟ್ಟವರಲ್ಲ. ಗಂಡನ ಗೋರಿ ಅವರಿಗೆ ಗಾಡಿಯ ಕಿಟಕಿಯಿಂದ ಕಂಡಷ್ಟೇ.

ಬೆಟ್ಟದ ಹುಲ್ಲುಗಾವಲಿನಲ್ಲಿ ಕುರಿ ಕಾಯುವ ನನ್ನ ಗಂಡ ತಲಾಯ್ ಫೋನಿನಲ್ಲಿ, ಅಪ್ಪನ ಗಾಡಿ ತಂಟೆಗೆ ಹೋಗಬೇಡ ಎಂದ. “ಮಗು ಕಟ್ಕೊಂಡು ನಡುದಾರೀಲಿ ನಿಂತ್ರೆ ನಿನ್ನ ಕುರಿಗಳು ಬಂದು ಎಳೀತಾವಾ?” ಎಂದೆ. ಫೋನ್ ಇಟ್ಟ.

ಟ್ಯಾಂಕಿನ ತಿರುಪು ಬಿಚ್ಚಿದೆ. ಕಂಬಿಯ ತುದಿಗೊಂದು ಬೆಂಡು. ಪೆಟ್ರೋಲಿನ ಮೇಲೆ ಅದು ತೇಲಿದಷ್ಟಕ್ಕೆ ಮುಳ್ಳು ಏಳಬೇಕು. ಇಷ್ಟೇನಾ ಭೂತ! ತುಕ್ಕು ಉಜ್ಜಿದೆ, ಮುಳ್ಳು ಬೀಳದಿರಲೆಂದು ಕಂಬಿಯನ್ನು ತುಸು ಮೇಲಕ್ಕೆ ಬಗ್ಗಿಸಿದೆ. ಮುಳ್ಳು ಅರ್ಧಕ್ಕೆ ಸಿಪಾಯಿಯಂತೆ ನೆಟ್ಟಗೆ ನಿಂತಿತು.

ಬಜಾರಿನಿಂದ ಮರಳುವಾಗ ಗೋರಿಗಳು ಬಂದವು. ಮುಳ್ಳು ಅಲುಗಲಿಲ್ಲ. ಅತ್ತೆಯ ಅಂಗೈಗಳು ಅರ್ಧ ಎದ್ದು ಅಲ್ಲೇ ಉಳಿದವು. ಮುಳ್ಳನ್ನೇ ನೋಡುತ್ತ ಕಾದರು. ಆಮೇಲೆ ಮಗುವಿನ ಟೋಪಿ ಸರಿಮಾಡಿದರು, ಅದು ಸರಿಯಾಗೇ ಇತ್ತು. ಮನೆಗೆ ಬಂದವರು ಚಹಾವನ್ನೂ ಮುಟ್ಟಲಿಲ್ಲ.

ನಾನೋ, ವಾರವಿಡೀ ಗಾಡಿ ಓಡಿಸಿದೆ. ಮುಳ್ಳು ಅರ್ಧದಲ್ಲೇ! ಗಾಡಿ ಈಗ ಗಾಳಿ ಕುಡಿದೇ ಓಡುತ್ತದೆ ಎಂದು ಊರಿಗೆಲ್ಲ ಕೊಚ್ಚಿಕೊಂಡೆ.

ಮುಂದಿನ ಸಂತೆಯ ದಿನ ಮಧ್ಯಾಹ್ನವೇ ಮೋಡ ಕವಿದಿತ್ತು. ಮರಳುವಾಗ ಸರಿಯಾಗಿ ಮಾವನ ಗೋರಿಯ ಎದುರು ಎಂಜಿನ್ ಕೆಮ್ಮಿತು, ಮಾವ ಕೆಮ್ಮುತ್ತಿದ್ದಂತೆಯೇ, ಮತ್ತು ನಿಂತಿತು. ಗೋರಿಗಳ ಮೇಲಿನ ಕಬ್ಬಿಣದ ಅರ್ಧಚಂದ್ರಗಳಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು. ಅಳುತ್ತಿದ್ದ ಮಗು ಥಟ್ಟನೆ ಸುಮ್ಮನಾಗಿ, ಗೋರಿಯ ಸುತ್ತಲಿನ ಖಾಲಿ ಗೋಡೆಯತ್ತ ನೋಡಿ ನಕ್ಕು ಕೈ ಬೀಸಿತು.

“ಅತ್ತೆ, ಇಳೀಬೇಡಿ” ಎನ್ನುವಷ್ಟರಲ್ಲಿ ಅತ್ತೆ ಇಳಿದಾಗಿತ್ತು. ಮಣ್ಣಿನ ಗೋಡೆಯ ಪಕ್ಕ ಕೂತು ಏನೋ ಹೇಳುವರು, ಉತ್ತರ ಕೇಳಿಸಿಕೊಳ್ಳುವವರಂತೆ ಸುಮ್ಮನಾಗುವರು, ಮತ್ತೆ ತಲೆಯಾಡಿಸಿ ಹೇಳುವರು.

ಸೀಟಿನಡಿ ಮಾವನ ಚಾವಟಿಯಿತ್ತು. ಅದರ ಹಿಡಿಯನ್ನು ಟ್ಯಾಂಕಿಗಿಳಿಸಿದೆ. ತುದಿ ಮಾತ್ರ ಒದ್ದೆ. ಎಲ್ಲ ಹೊಳೆಯಿತು. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಅದಕ್ಕೇ ಅಲ್ಲಿ ಬೆಂಡು ಕುಸಿಯುತ್ತಿದ್ದುದು. ನಾನು ಬಗ್ಗಿಸಿದ ಕಂಬಿ ಟ್ಯಾಂಕಿನ ಗೋಡೆಗೆ ಸಿಕ್ಕಿಕೊಂಡಿದೆ, ಮುಳ್ಳು ಇನ್ನು ಪ್ರಳಯದವರೆಗೂ ಅರ್ಧವೇ! ತಳದ ಚೂರು ಪೆಟ್ರೋಲೂ ಹಿಂದೆ ಸರಿದು ಎಂಜಿನ್ ನಿಂತಿದೆ. ಎಲ್ಲಕ್ಕೂ ಕಾರಣ ಸಿಕ್ಕಿತು. ತೋಳಿನ ರೋಮ ಮಾತ್ರ ಮಲಗಲಿಲ್ಲ.

ಆ ದಾರಿಯಾಗಿ ಬಂದ ಲಾರಿಯವನು ಒಂದು ಕ್ಯಾನ್ ಪೆಟ್ರೋಲ್ ಹಾಕಿಕೊಟ್ಟ. ಅತ್ತೆ ಹತ್ತಿ ಕೂತರು. ಮುಖ ಈಗಷ್ಟೇ ತೊಳೆದಂತಿತ್ತು. ನಾನು ಏರು, ಬೆಂಡು, ಕಂಬಿ ಎಲ್ಲವನ್ನೂ ವಿವರಿಸಿದೆ.

“ಹೌದಮ್ಮ. ಪಾಪ, ಅವರು ಮುಳ್ಳಲ್ಲಿ ಕರೀತಿದ್ರು. ನೀನು ಅದನ್ನ ಕಟ್ಟಿಹಾಕ್ದೆ. ಗಾಡೀನೇ ನಿಲ್ಸಿದ್ರು.”

“ನಾಳೆ ಬಿಚ್ಚಿ ಸರಿಯಾಗಿ ರಿಪೇರಿ ಮಾಡ್ತೀನಿ ಅತ್ತೆ.”

ಅತ್ತೆ ನನ್ನ ಕೈ ಹಿಡಿದುಕೊಂಡರು.

“ಬೇಡ ಮಗಳೇ. ಇನ್ನೊಂದ್ಸಲ ರಿಪೇರಿ ಮಾಡಿದ್ರೆ ಅವರು ಮನೆಗೇ ಬಂದ್ಬಿಡ್ತಾರೆ.”