ಕ್ಯಾಮೆರಾ ಮಹಾಶಯರಿಗೆ, ನನ್ನ ಮಂಡಿಗಳ ಪರವಾಗಿ

ಮಾನ್ಯ ಕ್ಯಾಮೆರಾ ಮಹಾಶಯರೇ,

ದುರಾಂಗೊ ಪಟ್ಟಣದ ಹೊರಗೆ, ಪಾಪಾಸುಕಳ್ಳಿಗಳ ನಡುವೆ, ಮೂರು ಕಾಲಿನ ಮೇಲೆ ವಿರಾಜಮಾನರಾಗಿರುವ ತಮಗೆ, ಅಲ್ಲೇ ಒಂದು ಕುರ್ಚಿಯ ಮೇಲೆ ಊದಿದ ಎಡಮಂಡಿ ಚಾಚಿ ಕುಳಿತಿರುವ, ನಾಯಕಿಯ ಡ್ಯೂಪ್ ಹೆನೊವೇವಾ ಬರಾಹಾಸ್ ಕೂತಲ್ಲಿಂದಲೇ ಮಾಡುವ ನಮಸ್ಕಾರಗಳು. ಎದ್ದು ಬಗ್ಗಲು ಆಗುತ್ತಿಲ್ಲ, ಕ್ಷಮಿಸಬೇಕು.

ಹನ್ನೊಂದು ವರ್ಷಗಳಿಂದ ನಾನು ತಮ್ಮೆದುರು ಬೀಳುತ್ತಾ ಬಂದಿದ್ದೇನೆ. ನನ್ನ ಮುಖವನ್ನು ತಾವು ಒಮ್ಮೆಯೂ ನೋಡಿಲ್ಲವೆಂಬ ದೂರು ನನ್ನದಲ್ಲ, ಡ್ಯೂಪಿನ ಮುಖ ಕಾಣಬಾರದೆಂಬುದು ಕಸುಬಿನ ನಿಯಮ. ಆದರೆ ನಾಯಕಿಯ ಮುಖವನ್ನೂ ತಾವು ನೋಡುವುದಿಲ್ಲವಲ್ಲ! ಈ ಚಿತ್ರದಲ್ಲಿ ಆಕೆ ಬಾಂಬ್ ನಿಷ್ಕ್ರಿಯಗೊಳಿಸುವ ದಳದ ಕ್ಯಾಪ್ಟನ್. ಇಡೀ ನಗರ ಸಿಡಿಯಲು ಒಂಬತ್ತು ಸೆಕೆಂಡು ಉಳಿದಿದ್ದಾಗ ಆಕೆ ಒಂದು ತಂತಿ ಕತ್ತರಿಸಿದಳು, ತಾವು ಆ ಒಂಬತ್ತು ಸೆಕೆಂಡನ್ನೂ ಆಕೆಯ ಸೊಂಟದ ತಪಾಸಣೆಗೆ ಮೀಸಲಿಟ್ಟಿರಿ. ಕತ್ತರಿಸಿದ್ದು ಕೆಂಪು ತಂತಿಯೋ ನೀಲಿಯೋ ಯಾರಿಗೂ ಗೊತ್ತಿಲ್ಲ. ನಗರ ಉಳಿದದ್ದು ಸೊಂಟದಿಂದಲೇ ಎಂದು ಪ್ರೇಕ್ಷಕರು ನಂಬಿದರೆ ಅವರದ್ದೇನೂ ತಪ್ಪಿಲ್ಲ. ತಮ್ಮ ಏಕಾಗ್ರತೆ ದೊಡ್ಡದು.

ವಿಷಯಕ್ಕೆ ಬರುತ್ತೇನೆ. ಕಳೆದ ಗುರುವಾರ ನಾನು ಓಡುವ ಲಾರಿಯ ಮೇಲಿಂದ ಜಲ್ಲಿಯ ಮೇಲೆ ಹಾರಬೇಕಿತ್ತು. ನಾಯಕನ ಡ್ಯೂಪ್ ಕಸಿಮಿರೊ ಅದೇ ಲಾರಿಯಿಂದ ಸುಮ್ಮನೆ ಇಳಿದರೆ ಸಾಕಿತ್ತು, ಆದರೂ ಅವನ ಚರ್ಮದ ಕೋಟು, ದೊಗಲೆ ಪ್ಯಾಂಟಿನೊಳಗೆ ಮಂಡಿಗೆ, ಮೊಣಕೈಗೆ, ಬೆನ್ನಿಗೆ ಪ್ಯಾಡು. ನನಗೆ ಗೇಣುದ್ದದ ಚಡ್ಡಿ. ಉಡುಪು ಹೊಲಿಯುವ ದೋನ್ಯಾ ಎದುವಿಹೆಸ್ ಟೇಪು ಹಿಡಿದು, "ಮಗಳೇ, ಇದರೊಳಗೆ ನೀನು ಹಿಡಿಸಿದ್ದೇ ಹೆಚ್ಚು, ಪ್ಯಾಡ್ ಎಲ್ಲಿ ತುರುಕ್ಲಿ?" ಎಂದರು. ಬಾಂಬಿನ ಕೆಲಸದವರು ಪ್ಯಾಂಟು ಹಾಕುವುದುಂಟು ಎಂದು ನಿರ್ದೇಶಕ ದೋನ್ ಎಫ್ರೇನರಲ್ಲಿ ಅರಿಕೆ ಮಾಡಿದೆ. "ನಂದೇನಿದೆಯಮ್ಮಾ, ಕ್ಯಾಮೆರಾ ಕೇಳುತ್ತೆ" ಎಂದು ತಮ್ಮತ್ತ ಕೈ ತೋರಿಸಿದರು. ಈ ಪತ್ರ ತಮಗೇ ಬರೆಯಲು ಅದೇ ಕಾರಣ. ಆಗಲೇ ಊದಿದ್ದ ಎಡಮಂಡಿಗೆ ಇನ್ನೊಂದು ಪೆಟ್ಟು ಬಿದ್ದರೆ ಕಸುಬಿಗೆ ಕೈ ಮುಗಿಯಬೇಕು ಎಂದು ಡಾಕ್ಟರು ಹೇಳಿದ್ದರು. ನನಗೆ ಹೆದರಿಕೆಯಾಗಿತ್ತು. ಪ್ಯಾಡಿಲ್ಲದೆ ಹಾರುವುದಿಲ್ಲ ಎಂದುಬಿಟ್ಟೆ.

ಹೆಂಗಸು ಒಲ್ಲೆನೆಂದರೆ ಗಂಡಸಿಗೆ ವಿಗ್ ಹಾಕಿ ಹಾರಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ನನ್ನನ್ನು ಕುರ್ಚಿಗೆ ಕಳಿಸಿ, ಕಸಿಮಿರೊನ ಕಾಲು ಬೋಳಿಸಿ, ನನ್ನ ಚಡ್ಡಿಯದೇ ಹೊಲಿಗೆ ಬಿಚ್ಚಿ ಅಗಲ ಮಾಡಿ ತೊಡಿಸಿ, ಲಾರಿಯಿಂದ ಹಾರಿಸಿದರು. ತಾವು ಅವನ ಹಿಮ್ಮಡಿಯಿಂದ ಸೊಂಟದವರೆಗೆ ಮೈಮರೆತು ಮೂರು ಸಲ ಹತ್ತಿ ಇಳಿದಿರಿ. ದೋನ್ ಎಫ್ರೇನ್ ಮಾನಿಟರ್ ನೋಡಿ, "ಆಹಾ, ಇದಪ್ಪಾ ಹೆಣ್ತನ ಅಂದ್ರೆ! ಹೆನೊವೇವಾ, ನೋಡಿ ಕಲಿತ್ಕೋ!" ಎಂದರು.

ಕಸಿಮಿರೊ ಮಾತ್ರ ಜಲ್ಲಿಯ ಮೇಲೆ ರಕ್ತ ಸೋರುವ ಮಂಡಿ ಹಿಡಿದು ಗ್ವಾಡಲೂಪೆ ಮಾತೆಯನ್ನು ಕೂಗುತ್ತಿದ್ದ. "ಅಕ್ಕಾ, ಹನ್ನೊಂದು ವರ್ಷ ಹಿಂಗೇ ಬಿದ್ಯಾ? ತಲೆಗಿಲೆ ಕೆಟ್ಟಿತ್ತಾ ನಿಂಗೆ?" ಎಂದ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮುಂದಿನ ಹಾರಾಟಗಳಿಗೆ ಪ್ಯಾಡು ಬೇಕೆಂದು ಅವನು ಗೊಣಗಿದ್ದೇ ತಡ, ಅರ್ಧ ಗಂಟೆಯಲ್ಲಿ ಚಿತ್ರಕಥೆ ತಿದ್ದಿ ಕ್ಯಾಪ್ಟನ್ನಿಗೆ ಉದ್ದ ಪ್ಯಾಂಟು ಬಂತು. ತಾವು ಚಕಾರ ಎತ್ತಲಿಲ್ಲ.

ಆದ್ದರಿಂದ ಆ ಪ್ಯಾಂಟನ್ನೂ ನನ್ನ ಕೆಲಸವನ್ನೂ ನನಗೇ ಕೊಡಿಸಬೇಕೆಂದು ಬೇಡುತ್ತೇನೆ. ಸೊಂಟ ನೋಡದೆ ತಮಗೆ ನಿದ್ದೆ ಬಾರದಿದ್ದರೆ ಖಳನಾಯಕರದ್ದನ್ನೂ ಸರದಿಯಂತೆ ನೋಡಿ. ಅರವತ್ತೆರಡರ ಅವರು ಬೆನ್ನುನೋವಿಗೆ ಪಟ್ಟಿ ಬಿಗಿದುಕೊಂಡು ಎಂದಿನಿಂದಲೋ ಕಾಯುತ್ತಿದ್ದಾರೆ.

ತಮ್ಮ ವಿಶ್ವಾಸಿ (ಮಂಡಿಗಳನ್ನು ಹೊರತುಪಡಿಸಿ, ಅವುಗಳ ವಿಶ್ವಾಸ ಹೋಗಿದೆ),
ಹೆನೊವೇವಾ ಬರಾಹಾಸ್

ಪತ್ರ ಮಡಿಸುವಷ್ಟರಲ್ಲಿ ತಿಳಿದದ್ದು: ಚಿತ್ರದ ಪೋಸ್ಟರು ಬಂದಿದೆ. ಆಳೆತ್ತರದ ಎರಡು ಬೆತ್ತಲೆ ಕಾಲು, ಅವುಗಳ ನಡುವೆ ಬೆರಳುದ್ದದ ನಾಯಕ. ಕಾಲುಗಳು ಕಸಿಮಿರೊನವು. ಬಸ್ ನಿಲ್ದಾಣದಲ್ಲಿ ಅದರೆದುರು ಬಾಯಿ ಬಿಟ್ಟು ನಿಂತ ಗಂಡಸರಲ್ಲಿ ಅವನ ಸ್ವಂತ ಅಪ್ಪನೂ ಇದ್ದರಂತೆ. ಕಸಿಮಿರೊ ಈಗಷ್ಟೇ ಬಂದು ಪ್ಯಾಂಟನ್ನು ನನ್ನ ಮಡಿಲಿಗೆ ಹಾಕಿ, "ಎಲ್ಲಾ ಹಾರಾಟ ನೀನೇ ಮಾಡಕ್ಕಾ, ಅಪ್ಪನಿಗೆ ಮಾತ್ರ ಹೇಳ್ಬೇಡ" ಎಂದು ಕೈ ಮುಗಿದ. ನಾನು ಹೇಳುವುದಿಲ್ಲ. ತಮಗೂ ಮರ್ಯಾದೆಯಿದ್ದರೆ ತಾವೂ ಹೇಳಬೇಡಿ.